ಆಟೋದ ಮೇಲಿನ ದನಿ

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ವರ್ಷ, ನಾನು ಸೌಂಡ್ ಇಂಜಿನಿಯರ್ ಆಗುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಅಪ್ಪ ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಖಾಕಿ ಅಂಗಿಯನ್ನು ಗೂಟಕ್ಕೆ ಹಾಕುತ್ತಿದ್ದ.

"ಅಂದ್ರೆ ಮೈಕ್‌ಸೆಟ್ಟಾ?"

"ಅಲ್ಲ ಕಣಪ್ಪ. ಸಿನಿಮಾಕ್ಕೆ, ಹಾಡ್ಗೆ, ರೇಡಿಯೋಕ್ಕೆ ಸೌಂಡ್ ಸರ್ಯಾಗಿ ಇಡ್ದು ಕೂರ್ಸೋರು ಬೇಕಲ್ಲ, ಅವ್ರು."

"ಅಂಥೋರು ಗುಂಡ್ಲುಪೇಟೇಲಿ ಯಾರವ್ರೆ?"

"ಯಾರೂ ಇಲ್ಲ."

"ಮತ್ತೆ?" ಎಂದವನು ಉತ್ತರಕ್ಕೆ ಕಾಯದೆ ಬಚ್ಚಲಿಗೆ ಹೋದ.

ಅಪ್ಪ ಖಾಸಗಿ ಬಸ್ಸಿನ ಕಂಡಕ್ಟರ್. ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗಿ ಬರುವ ಆ ಬಸ್ಸಿನ ಬಾಗಿಲಲ್ಲಿ ನಿಂತೇ ಅವನ ಕೂದಲು ನರೆತಿತ್ತು. ಅವ್ವನ ಲೆಕ್ಕದಲ್ಲಿ ಹುಡುಗಿ ಓದಿದ್ದು ಆಯಿತು, ಇನ್ನು ಗಂಡು ನೋಡುವುದೊಂದೇ ಬಾಕಿ. ಪಾಲಿಟೆಕ್ನಿಕ್‌ನ ಮೇಷ್ಟರೊಬ್ಬರನ್ನು ಕೇಳಿದರೆ ಅವರು ನಕ್ಕು, ಅದಕ್ಕೆಲ್ಲ ಚೆನ್ನೈಗೆ ಹೋಗಿ ಓದಬೇಕು, ಓದಿ ಬಂದವರಿಗೇ ಕೆಲಸವಿಲ್ಲ, ಸುಮ್ಮನೆ ಟೆಲಿಫೋನ್ ಎಕ್ಸ್‌ಚೇಂಜಿಗೆ ಅರ್ಜಿ ಹಾಕು ಎಂದರು. ಹಾಗಿದ್ದರೂ ಅಪ್ಪ ಒಂದು ದಿನ ತಾನಾಗಿಯೇ ಬಂದು, ಚಾಮರಾಜನಗರದಲ್ಲಿ ಒಂದು ರೆಕಾರ್ಡಿಂಗ್ ಸ್ಟುಡಿಯೋ ಇದೆಯಂತೆ, ದಿನಾ ಬಸ್ಸಿಗೆ ಬರುವವರೊಬ್ಬರು ಹೇಳಿದರು, ಮಾತಾಡಿಸಿ ಬಂದಿದ್ದೇನೆ ಎಂದ. "ಸಂಬ್ಳ ಗಿಂಬ್ಳ ಕೊಡಕಿಲ್ವಂತೆ. ಕಲ್ತ್ಕಬೋದಂತೆ. ಬೆಳಿಗ್ಗೆ ನನ್ ಬಸ್ಸಲ್ಲೇ ಬಾ" ಎಂದ.

ಆ ಸ್ಟುಡಿಯೋ ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಎರಡೇ ಕೋಣೆ. ಒಂದರ ಗೋಡೆಗಳಿಗೆ ಮೊಟ್ಟೆ ಟ್ರೇಗಳನ್ನು ಅಂಟಿಸಿ ಮೇಲೆ ಕೆಂಪು ಬಟ್ಟೆ ಹೊಡೆದಿದ್ದರು; ಹಾಡುವವರು, ಮಾತಾಡುವವರು ಅಲ್ಲಿ ನಿಲ್ಲುತ್ತಿದ್ದರು. ಇನ್ನೊಂದರಲ್ಲಿ ಕಂಪ್ಯೂಟರು, ಮಿಕ್ಸರು, ಎರಡು ಸ್ಪೀಕರು ಮತ್ತು ಕೈ ಹರಿದ ಒಂದು ತಿರುಗುವ ಕುರ್ಚಿ. ಕೆಳಗಿನ ಯೂರಿಯಾ ವಾಸನೆ ಎರಡೂ ಕೋಣೆಗೆ ಏರಿ ಬರುತ್ತಿತ್ತು. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ಅದರ ಸದ್ದು ಮೈಕಿಗೆ ಹೋಗುತ್ತಿದ್ದುದರಿಂದ, ಭಜನೆ ಹಾಡಲು ಬಂದವರು ಬೆವರಿನಲ್ಲಿ ಮಿಂದು ಹೊರಗೆ ಬರುತ್ತಿದ್ದರು.

ಸ್ಟುಡಿಯೋದ ಮಾಲೀಕರು ಹಿಂದೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ದಪ್ಪ ಮೈ, ಸಣ್ಣ ದನಿ. ಮೊದಲ ದಿನ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಕುರ್ಚೀಲಿ ಕೂರಕ್ಕೆ ಬಂದಿದ್ದೀಯಾ, ಗುಡಿಸಕ್ಕೆ ಬಂದಿದ್ದೀಯಾ?" ಎಂದು ಕೇಳಿದರು.

"ಕಲಿಯಕ್ಕೆ ಬಂದಿದ್ದೀನಿ ಸಾರ್."

"ಗುಡಿಸ್ತಾ ಗುಡಿಸ್ತಾ ಕಲಿ."

ಗುಡಿಸಿದೆ. ಕೇಬಲ್ ಸುತ್ತುವುದು, ಮೈಕ್ ಸ್ಟ್ಯಾಂಡ್ ಒರೆಸುವುದು, ಕರೆಂಟು ಹೋದಾಗ ಯುಪಿಎಸ್ ಅರಚಿಕೊಳ್ಳುವ ಮೊದಲೇ ಕೆಲಸವನ್ನು ಸೇವ್ ಮಾಡುವುದು, ಇವೆಲ್ಲ ಕಲಿತೆ. ಅವರು ಯಾವುದನ್ನೂ ಕೂರಿಸಿ ಹೇಳಿಕೊಡಲಿಲ್ಲ. ಬೆನ್ನ ಹಿಂದೆ ನಿಂತು ನೋಡಿ ಕಲಿತದ್ದೇ ಎಲ್ಲ. ಅವರು ಊಟಕ್ಕೆ ಹೋದಾಗ ಕುರ್ಚಿಯಲ್ಲಿ ಕೂತು, ಅವರು ಮಾಡಿದ್ದನ್ನೇ ಮತ್ತೆ ಮಾಡಿ ನೋಡುತ್ತಿದ್ದೆ.

ಒಂದು ದಿನ ಹಾಸಿಗೆ ಅಂಗಡಿಯವರ ಪ್ರಚಾರಕ್ಕೆ ಮಾತಾಡಬೇಕಿದ್ದ ಹೆಂಗಸು ಬರಲಿಲ್ಲ. ಅಂಗಡಿಯವರು ಗಡಿಬಿಡಿ ಮಾಡುತ್ತಿದ್ದರು. ಮಾಲೀಕರು ನನ್ನ ಕೈಗೆ ಹಾಳೆ ಕೊಟ್ಟು ಮೊಟ್ಟೆ ಟ್ರೇ ಕೋಣೆಗೆ ತಳ್ಳಿದರು. ಓದಿದೆ. ಹೊರಗೆ ಬಂದಾಗ ಅವರು ಮೊದಲ ಬಾರಿಗೆ ನನ್ನನ್ನು ಗಮನವಿಟ್ಟು ನೋಡಿದರು. "ಇಷ್ಟ್ ದಿನ ಬಾಯಿ ಎಲ್ಲಿಟ್ಟಿದ್ದೆ?"

ಅಲ್ಲಿಂದ ಮುಂದೆ ಚಾಮರಾಜನಗರದ ಪ್ರಚಾರದ ಆಟೋಗಳ ಮೇಲೆ ನನ್ನ ದನಿ ತಿರುಗತೊಡಗಿತು. ಸೀರೆ ಅಂಗಡಿ, ರೆಡಿಮೇಡ್ ಬಟ್ಟೆ, ಮಿಕ್ಸಿ ರಿಪೇರಿ, ಆರ್ಕೆಸ್ಟ್ರಾ, ಎಲ್ಲದಕ್ಕೂ ನಾನೇ. ನಾನು ಸಂತೆಮರಹಳ್ಳಿ ಸರ್ಕಲ್ಲಿನಲ್ಲಿ ನಿಂತಿದ್ದರೆ, "ಮರೆಯದಿರಿ, ಮರೆತು ನಿರಾಶರಾಗದಿರಿ" ಎಂದು ನನ್ನ ಪಕ್ಕದಲ್ಲೇ ಆಟೋದ ಮೇಲೆ ನಾನು ಕೂಗಿಕೊಂಡು ಹೋಗುತ್ತಿದ್ದೆ. ಕೇಳುವ ಜನರಲ್ಲಿ ಯಾರಿಗೂ ಅದು ನಾನೆಂದು ಗೊತ್ತಿರಲಿಲ್ಲ. ಅಪ್ಪನಿಗೆ ಮಾತ್ರ ಗೊತ್ತಿತ್ತು. ಬಸ್ಸು ನಿಲ್ದಾಣದಲ್ಲಿ ಆ ಆಟೋ ಬಂದರೆ ಅವನು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದನೆಂದು ಅವನ ಬಸ್ಸಿನ ಡ್ರೈವರ್ ಮಾಮ ನನಗೆ ಹೇಳಿದ್ದರು.

ನನಗೆ ಅದು ಬೇಕಿರಲಿಲ್ಲ. ನನಗೆ ಬೇಕಿದ್ದದ್ದು ಕುರ್ಚಿ. ಕೇಳಿದರೆ ಮಾಲೀಕರು, "ಹೆಂಗಸ್ರಿಗೆ ಮೈಕಿನ ಮುಂದೆ ಬೆಲೆ. ಮೈಕಿನ ಹಿಂದೆ ಯಾರ್ ಕೇಳ್ತಾರೆ?" ಎನ್ನುತ್ತಿದ್ದರು.

ನಾನು ಸೇರಿ ಕೆಲವು ತಿಂಗಳಾದ ಮೇಲೆ ಉಡಿಗಾಲದ ಕಡೆಯ ಹುಡುಗನೊಬ್ಬ ಕಲಿಯಲು ಬಂದ. ನನ್ನ ವಯಸ್ಸಿನವನೇ. ಐಟಿಐ ಮಾಡಿದ್ದ. ಮಾತು ಚುರುಕು, ನಗು ಚುರುಕು. ಬಂದ ವಾರವೇ ಅವನಿಗೆ ಕುರ್ಚಿ ಸಿಕ್ಕಿತು. ಮಾಲೀಕರು ಅವನಿಗೆ "ಬಾರ್ಲಾ ಇಲ್ಲಿ" ಎಂದು ಹೆಗಲ ಮೇಲೆ ಕೈಹಾಕಿ ಹೇಳಿಕೊಡುತ್ತಿದ್ದರು. ಆದರೆ ಅವನ ಕಿವಿ ಮಂದ. ಎರಡು ತುಂಡು ಮಾತನ್ನು ಜೋಡಿಸಿದರೆ ನಡುವೆ ಟಕ್ಕೆಂದು ಎಡವಿದ ಹಾಗೆ ಕೇಳುತ್ತಿತ್ತು; ಎಲ್ಲಿ ತಪ್ಪಿದೆ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಬೈಸಿಕೊಳ್ಳುತ್ತಿದ್ದ. ಮಾಲೀಕರು ಹೊರಗೆ ಹೋದಾಗ ನನ್ನ ಹತ್ತಿರ ಬರುತ್ತಿದ್ದ.

"ಒಸಿ ನೋಡಮ್ಮಿ. ಯಾಕಿಂಗಾಯ್ತದೆ?"

"ಮಾತ್ನ ಮಾತ್ರ ಕತ್ತರಿಸ್ತಿದ್ದೀಯ. ಮಾತಾಡೋಕೆ ಮುಂಚೆ ಉಸ್ರು ತಗತಾರಲ್ಲ, ಅದ್ನೂ ಸೇರ್ಸಿ ಎತ್ಕೊ. ಆಗ ಒಂದೇ ಉಸ್ರಲ್ಲಿ ಮಾತಾಡ್ದಂಗೆ ಇರ್ತದೆ."

ಮಾಡಿ ತೋರಿಸಿದೆ. ಅವನು ಕಣ್ಣರಳಿಸಿದ. "ಅಬ್ಬಬ್ಬಾ! ನೀನು ಇಲ್ಲಿರೋಳಲ್ಲ ಕಣಮ್ಮಿ" ಎಂದ. ಆ ಮಾತು ನನಗೆ ಬಹಳ ಇಷ್ಟವಾಯಿತು. ಮಧ್ಯಾಹ್ನದ ಹೊತ್ತು ನಾನು ತಂದ ಮುದ್ದೆ, ಅವನು ತಂದ ಚಪಾತಿ ಹಂಚಿಕೊಂಡು ತಿನ್ನುತ್ತ, ಬೆಂಗಳೂರಿನಲ್ಲಿ ಸೀರಿಯಲ್‌ಗಳಿಗೆ ಡಬ್ಬಿಂಗ್ ಮಾಡುವ ಸ್ಟುಡಿಯೋಗಳು ಹೇಗಿರುತ್ತವೆ, ಅಲ್ಲಿ ಫ್ಯಾನಿನ ಬದಲು ಏಸಿ ಇರುತ್ತದಂತೆ, ಏಸಿಗೆ ಸದ್ದೇ ಇಲ್ಲವಂತೆ ಎಂದೆಲ್ಲ ಮಾತಾಡುತ್ತಿದ್ದೆವು. ನನಗೆ ಗೊತ್ತಿದ್ದದ್ದನ್ನೆಲ್ಲ ಅವನಿಗೆ ಹೇಳಿಕೊಟ್ಟೆ. ಜೊತೆಗೆ ಇಂಥದ್ದನ್ನು ಮಾತಾಡುವ ಇನ್ನೊಂದು ಜೀವ ಆ ಊರಿನಲ್ಲಿ ನನಗೆ ಇರಲಿಲ್ಲ.

ಅಂಥ ಒಂದು ಡಬ್ಬಿಂಗ್ ಸ್ಟುಡಿಯೋದಿಂದಲೇ ಮಾಲೀಕರಿಗೆ ಫೋನು ಬಂತು. ಅವರ ಹಳೆಯ ಆರ್ಕೆಸ್ಟ್ರಾ ಸ್ನೇಹಿತರು ಅಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಎಡಿಟಿಂಗ್ ಬಲ್ಲ ಒಬ್ಬ ಸಹಾಯಕ ಬೇಕು, ಹಳ್ಳಿ ಕಡೆಯವರಾದರೆ ಒಳ್ಳೆಯದು, ಹೇಳಿದಂತೆ ಕೇಳುತ್ತಾರೆ ಎಂದರಂತೆ. ಮಾಲೀಕರು ನಮ್ಮಿಬ್ಬರನ್ನೂ ಎದುರು ನಿಲ್ಲಿಸಿ, "ಇಬ್ರಲ್ಲಿ ಒಬ್ರು. ಯಾರ ಕೆಲ್ಸ ಚೆನ್ನಾಗಿದೆಯೋ ಅವ್ರ ಸಿಡಿ ಕಳಿಸ್ತೀನಿ. ಮುಲಾಜಿಲ್ಲ" ಎಂದರು. ನಾನು ಹಿರಿಯರೊಬ್ಬರು ಹಾಡಿದ ತತ್ವಪದವೊಂದನ್ನು ತೆಗೆದುಕೊಂಡು, ಅವರ ಕೆಮ್ಮು, ತಂಬೂರಿಯ ಕಿರ್ರೆನ್ನುವ ಸದ್ದು ತೆಗೆದು ಹದಮಾಡಿದೆ. ಅದು ಚೆನ್ನಾಗಿತ್ತು. ಕೇಳಿದ ಮಾಲೀಕರು ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಅದು ಹೊಗಳಿಕೆ. ಅವನು ಅದನ್ನು ನನ್ನ ಪಕ್ಕದಲ್ಲಿ ಕೂತು ಕೇಳಿದ. ನಗಲಿಲ್ಲ.

ಅದಾದ ಮೇಲಿನ ವಾರ, ಗೊಬ್ಬರದ ಅಂಗಡಿಯ ಪಕ್ಕದ ಟೀ ಅಂಗಡಿಯಲ್ಲಿ ಹಾಸಿಗೆ ಪ್ರಚಾರದ ಆಟೋ ಓಡಿಸುವ ಯಜಮಾನರು ನನ್ನನ್ನು ಕರೆದರು. ವಯಸ್ಸಾದವರು, ಯಾವಾಗಲೂ ಗೌರವದಿಂದ ಮಾತಾಡಿಸುತ್ತಿದ್ದವರು. ಅವತ್ತು ನನ್ನ ಮುಖ ನೋಡಲು ಆಗದವರಂತೆ ನೆಲ ನೋಡುತ್ತಿದ್ದರು.

"ಇದ ನೀನೇ ಯೋಳಿರದಾ ಕಣವ್ವ?" ಎಂದು ಮೊಬೈಲನ್ನು ನನ್ನ ಕಿವಿಯ ಹತ್ತಿರ ಹಿಡಿದರು.

ನನ್ನ ದನಿ. "ರಾತ್ರಿ ಒಂಬತ್ತು ಗಂಟೆಗೆ... ಗಂಡಸರಿಗೆ ವಿಶೇಷ ರಿಯಾಯಿತಿ... ಮುಟ್ಟಿ ನೋಡಿ, ಒತ್ತಿ ನೋಡಿ... ತೃಪ್ತಿಯಾಗದಿದ್ದರೆ ಹಣ ವಾಪಸ್... ಸ್ಥಳ, ಗುಂಡ್ಲುಪೇಟೆ... ಮರೆಯದಿರಿ, ಮರೆತು ನಿರಾಶರಾಗದಿರಿ."

ಮೊದಲು ನಗು ಬಂದಂತಾಯಿತು. ಆಮೇಲೆ ಮೊಬೈಲನ್ನು ಅವರ ಕೈಯಿಂದ ತೆಗೆದುಕೊಂಡೆ. ಆ ಮಾತುಗಳೆಲ್ಲ ನಾನು ಆಡಿದ್ದವೇ. ಒಂದೊಂದು ಒಂದೊಂದು ಅಂಗಡಿಗೆ. ಅದನ್ನು ಜೋಡಿಸಿದವರು ಯಾರೆಂದು ತಿಳಿಯಲು ಎರಡನೆಯ ಸಲ ಕೇಳಬೇಕಾಗಲಿಲ್ಲ. ಪ್ರತಿ ತುಂಡಿನ ಮೊದಲೂ ನನ್ನ ಉಸಿರು ಉಳಿದಿತ್ತು. ಎಲ್ಲೂ ಎಡವಿರಲಿಲ್ಲ. ನಾನು ಹೇಳಿಕೊಟ್ಟ ಹಾಗೆಯೇ ಮಾಡಿದ್ದ.

"ಇದು ನಿಮ್ ಮೊಬೈಲ್ಗೆ ಎಲ್ಲಿಂದ ಬಂತು?"

"ಸ್ಟ್ಯಾಂಡಲ್ಲಿ ಎಲ್ರತ್ರಾನೂ ಅದೆ. ಬ್ಲೂಟೂತಲ್ಲಿ ಕಳ್ಸ್‌ಕತಾವ್ರೆ."

ಮಹಡಿ ಮೆಟ್ಟಿಲು ಹತ್ತಿ ಒಳಗೆ ಹೋದರೆ ಮಾಲೀಕರ ಸುತ್ತ ಆರ್ಕೆಸ್ಟ್ರಾದ ನಾಲ್ಕೈದು ಜನ ಕೂತು ಅದನ್ನೇ ಸ್ಪೀಕರಿನಲ್ಲಿ ಹಾಕಿಕೊಂಡಿದ್ದರು. ನಾನು ಬಂದದ್ದು ಕಂಡೂ ಯಾರೂ ನಿಲ್ಲಿಸಲಿಲ್ಲ. ಅವನು ಕುರ್ಚಿಯಲ್ಲಿದ್ದ. ನನ್ನನ್ನು ನೋಡಿ, "ತಮಾಷೆಗೆ ಕಣಮ್ಮಿ" ಎಂದ.

"ಸಾರ್, ಇವ್ನು ನನ್ ದನೀನ ಕತ್ತರಿಸಿ ಹೊಲಸು ಮಾಡವ್ನೆ. ಊರೆಲ್ಲ ಹಂಚವ್ನೆ" ಎಂದೆ.

ಮಾಲೀಕರು ಕಣ್ಣೊರೆಸಿಕೊಂಡರು. ನಕ್ಕು ನಕ್ಕು ನೀರು ಬಂದಿತ್ತು. "ಹೊಲಸು ಯಾವ ಮಾತಿದೆ ಹೇಳು ಇದ್ರಲ್ಲಿ? ಎಲ್ಲ ನೀನೇ ಆಡಿದ್ದು ತಾನೆ?"

ನಾನು ಮಾಡಬಾರದ ಕೆಲಸ ಮಾಡಿದ್ದು ಆಗ. ನನ್ನ ಮಾತು ನಂಬಲಿ ಎಂದು ಅವನನ್ನು ಕುರ್ಚಿಯಿಂದ ಎಬ್ಬಿಸಿ ನಾನು ಕೂತೆ. ಮೂಲ ರೆಕಾರ್ಡಿಂಗ್‌ಗಳನ್ನು ಒಂದೊಂದಾಗಿ ತೆರೆದೆ. ನೋಡಿ, 'ರಾತ್ರಿ ಒಂಬತ್ತು ಗಂಟೆಗೆ' ನಿಮ್ಮದೇ ಆರ್ಕೆಸ್ಟ್ರಾದ ಪ್ರಚಾರದ್ದು, ಹಿಂದೆ ಸಣ್ಣಗೆ ಕೀಬೋರ್ಡ್ ಕೇಳುತ್ತದೆ. 'ಗಂಡಸರಿಗೆ' ರೆಡಿಮೇಡ್ ಅಂಗಡಿಯದ್ದು, ಅವತ್ತು ನನಗೆ ನೆಗಡಿ ಇತ್ತು. 'ಮುಟ್ಟಿ ನೋಡಿ' ಹಾಸಿಗೆಯದ್ದು. 'ತೃಪ್ತಿ' ಮಿಕ್ಸಿಯದ್ದು. ಒಂದೊಂದರ ಹಿಂದಿನ ಕೋಣೆಯ ಸದ್ದೇ ಬೇರೆ. ಒಂದೊಂದನ್ನೂ ಹಾಕಿ, ನಿಲ್ಲಿಸಿ, ತೋರಿಸಿದೆ. ಪರೀಕ್ಷೆಯಲ್ಲಿ ಉತ್ತರ ಹೇಳುವವಳ ಹಾಗೆ ಹೇಳುತ್ತ ಹೋದೆ.

ಅವರು ಗಮನವಿಟ್ಟು ಕೇಳಿದರು. ಕೇಳಿ ಮುಗಿಸಿ ಇನ್ನೂ ಜೋರಾಗಿ ನಕ್ಕರು. ತಬಲದವನೊಬ್ಬ ತೊಡೆ ತಟ್ಟಿಕೊಂಡು, "ಲೇ, ಇನ್ಮೇಲೆ ಹಾಸಿಗೆ ಆಟೋ ಬಂದ್ರೆ ನಾನು ಮುಂದಿಂದು ಯೋಳ್ತೀನಿ ನೋಡ್ಲಾ" ಎಂದ.

ಹಾಗೆಯೇ ಆಯಿತು; ಅದು ಯಾರ ದನಿಯೆಂದೂ ಆರ್ಕೆಸ್ಟ್ರಾದವರು ಹೋದಲ್ಲೆಲ್ಲ ಹೇಳಿದರು. ಅವತ್ತಿನವರೆಗೂ ಜನಕ್ಕೆ ಅದು ಯಾರೋ ಹೆಣ್ಣಿನ ದನಿ. ಅವತ್ತಿನಿಂದ ಪ್ರತಿ ಪ್ರಚಾರವೂ ಅವರಿಗೆ ಅದರ ಒಂದು ತುಂಡು. ಹಾಸಿಗೆ ಆಟೋ "ಮುಟ್ಟಿ ನೋಡಿ" ಎಂದರೆ ನಿಲ್ದಾಣದ ಬೆಂಚಿನಿಂದ "ಗಂಡಸರಿಗೆ ರಿಯಾಯಿತಿ ಅದಾ?" ಎಂದು ಕೂಗು ಬರುತ್ತಿತ್ತು. ಆ ಆಟವನ್ನು ನಾನೇ ಅವರಿಗೆ ಕಲಿಸಿದಂತಾಗಿತ್ತು. ಅಂಗಡಿಯವರು ಒಬ್ಬೊಬ್ಬರಾಗಿ ಬಂದು ಬೇರೆ ದನಿಯಲ್ಲಿ ಮಾಡಿಕೊಡಿ ಎಂದರು. ಮಾಲೀಕರು ನನ್ನನ್ನು ಕರೆದು, "ನಿನ್ ದನಿ ಇನ್ನ ನಡಿಯಲ್ಲ ಕಣಮ್ಮಿ. ನಾಳೆಯಿಂದ ಬರೋದು ಬೇಡ" ಎಂದರು.

"ನಾನು ದನಿ ಕೊಡಕ್ಕೆ ಬಂದೋಳಲ್ಲ ಸಾರ್. ನನ್ ಸಿಡಿ?"

"ಸಿಡಿ ಕಳಿಸ್ದೆ. ಎರಡೂ ಕಳಿಸ್ದೆ, ಮುಲಾಜಿಲ್ಲ ಅಂದಿರ್ಲಿಲ್ವಾ? ನಿನ್ನ ತತ್ವಪದಾನೂ ಕಳಿಸ್ದೆ, ಅವನ ಇದ್ನೂ ಕಳಿಸ್ದೆ. ಅಲ್ಲಿ ಎಲ್ರೂ ಬಿದ್ದು ಬಿದ್ದು ನಕ್ರಂತೆ. ಕೆಲ್ಸ ಮಾತ್ರ ಕ್ಲೀನಾಗಿದೆ, ಈ ಹುಡುಗನ್ನೇ ಕಳ್ಸು ಅಂದ್ರು."

ಅವನು ಭಾನುವಾರ ಬೆಂಗಳೂರಿಗೆ ಹೋದ. ಹೋಗುವ ಮುನ್ನ ನನಗೆ ಒಂದು ಮಾತೂ ಹೇಳಲಿಲ್ಲ.

ಮನೆಯಲ್ಲಿ ನಾನು ನಿಜ ಹೇಳಲಿಲ್ಲ. ಸ್ಟುಡಿಯೋಗೆ ಕೆಲಸ ಕಡಿಮೆ, ಕರೆದಾಗ ಬರಲು ಹೇಳಿದ್ದಾರೆ ಎಂದೆ. ಆದರೆ ಆ ತುಂಡು ಮೊಬೈಲಿನಿಂದ ಮೊಬೈಲಿಗೆ ಹಾರಿ ತೆರಕಣಾಂಬಿ ದಾಟಿ ಗುಂಡ್ಲುಪೇಟೆಗೆ ಬಂದಿತ್ತು. ಅವ್ವನಿಗೆ ಅದು ನಲ್ಲಿಯ ಹತ್ತಿರ ತಲುಪಿತು. ಕೊಡ ಹಾಗೇ ಬಿಟ್ಟು ಬಂದವಳು ನನ್ನ ಕೆನ್ನೆಗೆ ಹೊಡೆದಳು. "ಬಾಯ್ ಮುಚ್ಕಂಡಿರು ಅಂದ್ರೆ ಕೇಳ್ದಾ? ಮೈಕಲ್ಲಿ ಅರಚಕ್ಕೆ ಹೋದೋಳು ನೀನು. ಈಗ ಯಾರು ಬತ್ತಾರೆ ನಿನ್ ಮದ್ವೆ ಆಗಕೆ?" ಕುದೇರಿನಿಂದ ಒಂದು ಗಂಡಿನವರು ಬರುವವರಿದ್ದರು. ಬರಲಿಲ್ಲ. ಅವ್ವ ಅಲ್ಲಿಂದ ಮುಂದೆ ನಾನು ಹಿತ್ತಿಲಲ್ಲಿ ನಿಂತು ಮಾತಾಡಿದರೂ, "ಮೆಲ್ಲಕ್ಕೆ, ಮೆಲ್ಲಕ್ಕೆ" ಎನ್ನುತ್ತಿದ್ದಳು.

ಅಪ್ಪನ ಬಸ್ಸಿನಲ್ಲಿ ಅದು ಕೇಳಿಸುತ್ತಿರಬೇಕು ಎಂದು ನನಗೆ ಗೊತ್ತಿತ್ತು. ಬಸ್ಸಿನ ಹಿಂದಿನ ಸೀಟಿನಲ್ಲಿ ಹುಡುಗರು ಹಾಡು ಹಾಕಿಕೊಳ್ಳುವ ಕಾಲ ಅದು. ಒಂದು ಸಂಜೆ ಅವನು ಹೊತ್ತಿಗೆ ಮುಂಚೆಯೇ ಮನೆಗೆ ಬಂದ. ಡ್ರೈವರ್ ಮಾಮ ಜೊತೆಯಲ್ಲಿದ್ದರು. ನಡೆದದ್ದನ್ನು ಹೇಳಿದವರು ಅವರೇ. ತೆರಕಣಾಂಬಿಯಲ್ಲಿ ಹತ್ತಿದ ಯುವಕನೊಬ್ಬ ಅಪ್ಪನಿಂದ ಟಿಕೆಟ್ ತೆಗೆದುಕೊಳ್ಳುತ್ತಲೇ ಮೊಬೈಲಿನಲ್ಲಿ ಅದನ್ನು ಹಾಕಿ, "ಕಂಡಕ್ಟ್ರೇ, ಈ ರಿಯಾಯಿತಿ ನಿಮ್ಮೂರಲ್ಲಿ ಯಾವ ಸ್ಟಾಪ್ನಲ್ಲಿ ಸಿಕ್ತದೆ?" ಎಂದನಂತೆ. ಅಪ್ಪ ಆ ಮೊಬೈಲನ್ನು ಕಸಿದುಕೊಂಡು ಕಿಟಕಿಯಿಂದ ಎಸೆದನಂತೆ. ಯುವಕ ಆ ಊರಿನ ಕಂಟ್ರಾಕ್ಟರ್ ಒಬ್ಬರ ಮಗ. ಆ ಕಂಟ್ರಾಕ್ಟರ್ ಬಸ್ಸಿನ ಯಜಮಾನರಿಗೆ ಬೇಕಾದವರು.

"ನಾಳೆ ಯಜಮಾನ್ರು ಮಿಲ್ಲತ್ರ ಬಾ ಅಂದವ್ರೆ" ಎಂದ ಅಪ್ಪ. ನನ್ನ ಕಡೆ ತಿರುಗಿ, ಎಷ್ಟೋ ದಿನದ ಮೇಲೆ ನನ್ನೊಡನೆ ಮಾತಾಡಿದ. "ಅದೇನೋ ಕತ್ತರ್ಸಿ ಅಂಟ್ಸವ್ರೆ ಅಂತ ನಿಮ್ಮವ್ವನಿಗೆ ಯೋಳ್ತಿದ್ದಲ್ಲ. ಅವ್ರ ಮುಂದೆ ತೋರ್ಸಕ್ಕಾಯ್ತದಾ?"

"ಆಯ್ತದೆ ಅಪ್ಪ. ಎಲ್ಲಾದ್ರ ಒರಿಜಿನಲ್ಲೂ ಸ್ಟುಡಿಯೋ ಬಿಡೋ ದಿನ ಕಾಪಿ ಮಾಡ್ಕಂಡು ಬಂದಿದ್ದೆ, ನನ್ ಹತ್ರ ಸಿಡೀಲಿ ಅವೆ."

"ಬಾ ಹಂಗಾರೆ."

ಬಸ್ಸಿನ ಯಜಮಾನರಿಗೆ ಊರಾಚೆ ರೈಸ್ ಮಿಲ್ ಇತ್ತು. ನಾವು ಹೋದಾಗ ಲಾರಿಗೆ ಮೂಟೆ ಹೇರುತ್ತಿದ್ದರು. ಆಫೀಸು ಕೋಣೆಯ ಬಾಗಿಲು ಅಂಗಳಕ್ಕೇ ತೆರೆದುಕೊಂಡಿತ್ತು. ಒಳಗೆ ಯಜಮಾನರು, ಆ ಯುವಕ, ಅವನ ಜೊತೆ ಇಬ್ಬರು. ನಾನು ಬ್ಯಾಗಿನೊಳಗೆ ಸಿಡಿಯನ್ನು ಹಿಡಿದುಕೊಂಡು ಅಪ್ಪನ ಹಿಂದೆ ಹೊರಟೆ. ಬಾಗಿಲ ಹತ್ತಿರ ಬಂದಾಗ ಮೂಟೆ ಹೊರುವವರಲ್ಲಿ ಒಬ್ಬ ನನ್ನನ್ನು ನೋಡಿ ಪಕ್ಕದವನಿಗೆ ಏನೋ ಅಂದ. ಅವನು ನಕ್ಕ. ಅಪ್ಪ ನಿಂತುಬಿಟ್ಟ. ತಿರುಗದೆಯೇ, "ನೀನು ಇಲ್ಲೇ ಇರು" ಎಂದು ಹೇಳಿ ಒಬ್ಬನೇ ಒಳಗೆ ಹೋದ.

ನಾನು ಗೋಡೆಗೆ ಒರಗಿ ನಿಂತೆ. ಒಳಗಿನದೆಲ್ಲ ಕೇಳುತ್ತಿತ್ತು.

"ಯಾನ್ಲಾ, ಪ್ಯಾಸೆಂಜರ್ ಮೊಬೈಲ್ನ ಕಿತ್ತು ಬಿಸಾಕದಾ? ನಮ್ ಬಸ್ಸಿನ ಹೆಸ್ರು ಏನಾಗ್ಬೇಕು?" ಎಂದರು ಯಜಮಾನರು.

"ತಪ್ಪಾಯ್ತು ಯಜಮಾನ್ರೇ. ಅದ್ರಲ್ಲಿ ಕೆಟ್ಟದ್ದ ಹಾಕಿದ್ರು."

"ಏನದು? ಹಾಕು ನೋಡನ."

ಇನ್ನೊಬ್ಬರ ಮೊಬೈಲಿನಿಂದ ಹಾಕಿದರು. ನನ್ನ ದನಿ ಅಂಗಳದವರೆಗೂ ಬಂತು. ಮೂಟೆ ಹೊರುವವರು ಮೂಟೆ ಇಳಿಸಿ ಕೇಳಿದರು.

"ಇದು ನಿನ್ ಮಗಳ ದನಿ ಅಂತಾನಲ್ಲ ಇವ್ನು" ಎಂದರು ಯಜಮಾನರು. ಅವರ ದನಿ ಸ್ವಲ್ಪ ಮೃದುವಾಗಿತ್ತು. "ನೋಡು, ನಂಗೂ ಹೆಣ್ಮಕ್ಳವ್ರೆ. ನಿನ್ ಮಗಳದ್ದೇ ಅಂದ್ರೆ ಯೋಳು, ಈ ನನ್ ಮಗನಿಗೆ ನಾನೇ ಕೆರ ತಕ್ಕಂಡು ಹೊಡಿತೀನಿ. ಅಲ್ಲ ಅನ್ನಂಗಿದ್ರೆ, ನೀನು ಅವನ ಕಾಲಿಡ್ಕಂಡು ತಪ್ಪಾಯ್ತು ಅನ್ನು. ಎರಡ್ರಲ್ಲಿ ಒಂದು."

ನಾನು ಸಿಡಿಯನ್ನು ಬ್ಯಾಗಿನಿಂದ ತೆಗೆದೆ. ಬಾಗಿಲಿಗೆ ಒಂದು ಹೆಜ್ಜೆ. ಹೌದು ಎನ್ನುತ್ತಾನೆ, ನನ್ನನ್ನು ಕರೆಯುತ್ತಾನೆ ಎಂದುಕೊಂಡೆ.

"ನನ್ ಮಗಳದ್ದಲ್ಲ ಯಜಮಾನ್ರೇ" ಎಂದ ಅಪ್ಪ.

"ಸರ್ಯಾಗಿ ಕೇಳ್ಸ್‌ಕಂಡಾ?"

"ಕೇಳ್ಸ್‌ಕಂಡೆ. ನನ್ ಮಗಳ ದನಿ ನಂಗ್ ಗೊತ್ತಿಲ್ವಾ? ಇದು ಯಾರೋ ಬೇರೆಯೋರು."

"ಮತ್ಯಾಕ್ಲಾ ಮೊಬೈಲ್ ಎಸ್ದೆ?"

ಕುರ್ಚಿ ಸರಿದ ಸದ್ದು ಕೇಳಿತು. ನಾನು ಇಣುಕಿ ನೋಡಿದಾಗ ಅಪ್ಪ ಬಗ್ಗಿದ್ದ. ಆ ಯುವಕ ಕೂತೇ ಇದ್ದ. ಒಂದು ಕಾಲನ್ನು ಸ್ವಲ್ಪ ಮುಂದಕ್ಕೆ ಚಾಚಿ ಅನುಕೂಲ ಮಾಡಿಕೊಟ್ಟ. ಅಪ್ಪನ ಭುಜದ ಮೇಲಿನ ಟವೆಲ್ಲು ಜಾರಿ ನೆಲಕ್ಕೆ ಬಿತ್ತು. ಯುವಕ, "ಇರ್ಲಿ ಬುಡು, ದೊಡ್ಡೋರು" ಎಂದ. ಹಾಗೆ ಅನ್ನುವಾಗ ಅವನು ಬಾಗಿಲಲ್ಲಿದ್ದ ನನ್ನನ್ನು ನೋಡುತ್ತಿದ್ದ.

ಮನೆಗೆ ನಡೆದೇ ಬಂದೆವು. ಅಪ್ಪ ಮುಂದೆ, ನಾನು ಹಿಂದೆ. ಊರು ಹತ್ತಿರ ಬರುವಾಗ ನಾನು ಕೇಳಿಯೇಬಿಟ್ಟೆ. "ಯಾಕಪ್ಪ ಅಲ್ಲ ಅಂದೆ? ನಾನು ತೋರಿಸ್ತಿದ್ದೆ."

"ಏನ್ ತೋರಿಸ್ತಿದ್ದೆ? ಇನ್ನೊಂದ್ ಸಲ ಹಾಕಿ, ಇನ್ನೊಂದ್ ಸಲ ಅವ್ರ ಕಿವಿಗೆ ಬೀಳಸ್ತಿದ್ದೆ. ಆ ಮೂಟೆ ಹೊರೋರ ಮುಂದೆ." ಅವನು ನಿಂತ. "ನಾನು ಹೂಂ ಅಂದಿದ್ರೆ ಅದು ನಿನ್ದು ಅಂತ ಆಗೋದು. ಅಪ್ಪನೇ ಒಪ್ಕಂಡ ಅಂತ ಆಗೋದು."

ಅದರಲ್ಲಿ ಪ್ರೀತಿಯಿತ್ತು ಎಂದು ಈಗ ಅನ್ನಿಸುತ್ತದೆ. ಅವತ್ತು ಅನ್ನಿಸಲಿಲ್ಲ. ಅವತ್ತು ಅವನು ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. "ನಿನ್ನ ಆ ಸ್ಟುಡಿಯೋಗೆ ನಾನೇ ಕರ್ಕಂಡೋಗಿ ಬುಟ್ಟೆ. ಅವತ್ತು ಬಸ್ಸು ಕೆಟ್ಟು ನಿಂತಿದ್ರೆ ಚೆನ್ನಾಗಿತ್ತು" ಎಂದು ಹೇಳಿ ನಡೆಯತೊಡಗಿದ. ಕೆಲಸವೇನೋ ಉಳಿಯಿತು. ಆದರೆ ಅವನು ಬಸ್ಸಿನಲ್ಲಿ ಸ್ಟಾಪುಗಳ ಹೆಸರು ಕೂಗುವುದನ್ನು ಬಿಟ್ಟನೆಂದೂ, ಸೀಟಿ ಊದಿ ಸುಮ್ಮನಾಗುತ್ತಾನೆಂದೂ ಡ್ರೈವರ್ ಮಾಮ ಹೇಳಿದರು.

ಆಮೇಲೆ ನಾನು ಗುಂಡ್ಲುಪೇಟೆಯಲ್ಲೇ ಒಂದು ಮೊಬೈಲ್ ಅಂಗಡಿಗೆ ಸೇರಿದೆ. ಅದರ ಮಾಲೀಕರು ಕೇರಳದವರು. ಅವರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ, ಹಾಗಾಗಿ ನನ್ನ ದನಿ ಕೇಳಿ ಅವರಿಗೇನೂ ಅನ್ನಿಸಲಿಲ್ಲ. ಮೆಮೊರಿ ಕಾರ್ಡುಗಳಿಗೆ ಹಾಡು ತುಂಬಿಕೊಡುವುದು ನನ್ನ ಕೆಲಸ. ಸೌಂಡ್ ಇಂಜಿನಿಯರ್ ಆಗಬೇಕೆಂದವಳಿಗೆ ನಮ್ಮೂರಿನಲ್ಲಿ ಸಿಗಬಹುದಾದ ಅತಿ ಹತ್ತಿರದ ಉದ್ಯೋಗ ಅದೇ. ಸೇರಿದ ಕೆಲವು ದಿನಕ್ಕೆ ಅಂಗಡಿಯ ಕಂಪ್ಯೂಟರಿನ 'ಕಾಮಿಡಿ' ಎಂಬ ಫೋಲ್ಡರಿನಲ್ಲಿ ಆ ತುಂಡು ಸಿಕ್ಕಿತು. ಅಳಿಸಿದೆ. ಮಾರನೆಯ ದಿನ ಯಾರದೋ ಕಾರ್ಡಿನಿಂದ ಮತ್ತೆ ಬಂದಿತ್ತು. ಮತ್ತೆ ಅಳಿಸಿದೆ. ಮದ್ದೂರಿನ ಕಡೆಯಿಂದ ಬಂದ ಹುಡುಗನೊಬ್ಬ ಅದೇ ಬೇಕು ಎಂದು ಕೇಳಿದ. ಇಲ್ಲ ಎಂದೆ. ಅವನು ನನ್ನ ಬಾಯನ್ನೇ ನೋಡುತ್ತ ನಿಂತ. "ಇನ್ನೊಂದ್ ಸಲ ಇಲ್ಲ ಅನ್ನಿ" ಎಂದ.

ಆ ಅಂಗಡಿಯಲ್ಲಿ ನಾನು ಎರಡು ವರ್ಷದ ಹತ್ತಿರ ಇದ್ದೆ. ಒಂದು ಮಧ್ಯಾಹ್ನ ಬೆಂಗಳೂರಿನ ನಂಬರಿನಿಂದ ಫೋನು ಬಂತು. ಅವನು. ಉಡಿಗಾಲದವನೇ; ದನಿ ಬದಲಾಗಿರಲಿಲ್ಲ.

"ಹೆಂಗಿದ್ದೀಯಮ್ಮಿ? ನಿನ್ ನಂಬರ್ ಹುಡ್ಕಿ ಹುಡ್ಕಿ ಸಾಕಾಯ್ತು."

ನಾನು ಫೋನು ಹಿಡಿದು ಅಂಗಡಿಯಿಂದ ಹೊರಗೆ ಬಂದೆ.

"ಕೇಳ್ತಿದ್ದೀಯಾ? ನಾನೀಗ ಎರಡು ಸೀರಿಯಲ್ ಒಬ್ನೇ ನೋಡ್ಕತಾ ಇದ್ದೀನಿ. ಟೈಟಲಲ್ಲಿ ಹೆಸರು ಬರ್ತದೆ. ಕೆಲ್ಸ ಸಿಕ್ಕಾಪಟ್ಟೆ. ಕಿವಿ ಇರೋ ಒಬ್ರು ಬೇಕು. ಇಲ್ಲಿ ಕೋರ್ಸ್ ಮಾಡ್ಕಂಡು ಬರೋ ಹುಡುಗ್ರಿಗೆ ಏನೂ ಕೇಳ್ಸಲ್ಲ. ನೀನು ಬಂದ್ಬುಡು. ಉಳ್ಕಳಕ್ಕೆ ಲೇಡೀಸ್ ಪಿಜಿ ನಾನೇ ನೋಡ್ತೀನಿ."

"ನೀನು ಮಾಡಿದ್ದು ಗೊತ್ತಿದೆಯಾ ನಿಂಗೆ?" ಎಂದೆ.

"ಅದಾ? ಅಯ್ಯೋ, ಅದ್ರಿಂದ್ಲೇ ಕಣಮ್ಮಿ ನಂಗೆ ಈ ಕೆಲ್ಸ ಸಿಕ್ಕಿದ್ದು. ಇಲ್ಲೂ ಎಲ್ರಿಗೂ ಗೊತ್ತು ಅದು. ನೀನೇ ಅಂತ ಯೋಳಿಲ್ಲ ಬುಡು" ಎಂದು, ಏನೋ ಉಪಕಾರ ಮಾಡಿದವನಂತೆ ಹೇಳಿದ.

ಫೋನಿಟ್ಟೆ. ಮೂರು ದಿನ ಅಂಗಡಿಯಲ್ಲಿ ಹಾಡು ತುಂಬಿದೆ. ಇನ್ಯಾರೂ ನನ್ನನ್ನು ಎಲ್ಲಿಗೂ ಕರೆಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಬಲ್ಲ ಕೆಲಸವನ್ನು ಬಲ್ಲೆ ಎಂದು ತಿಳಿದಿರುವ ಮನುಷ್ಯ ಇಡೀ ಪ್ರಪಂಚದಲ್ಲಿ ಅವನೊಬ್ಬನೇ. ನಾಲ್ಕನೆಯ ದಿನ ನಾನೇ ಫೋನು ಮಾಡಿ ಬರುತ್ತೇನೆ ಎಂದೆ.

ಅಪ್ಪನಿಗೆ ಊಟಕ್ಕೆ ಬಡಿಸುವಾಗ ಹೇಳಿದೆ. ಅವ್ವ ಒಲೆಯ ಹತ್ತಿರ ಇದ್ದಳು.

"ಯಾರ್ ಕರ್ದವ್ರೆ?"

ಹೇಳಿದೆ.

ಅಪ್ಪನ ಕೈ ಮುದ್ದೆಯ ಮೇಲೇ ನಿಂತಿತು. "ಅವನ ಕೈಕೆಳಗಾ?"

"ಹೂಂ."

"ಅವನ ಕೈಕೆಳಗೆ ದುಡ್ಯಕೆ ಓಯ್ತೀಯಾ ನೀನು? ನಾನು ಅಲ್ಲಿ ಬಗ್ಗಿದ್ದು..." ಎಂದ. ಎದ್ದು ಕೈ ತೊಳೆದುಕೊಂಡ. ಅವ್ವ ಅರ್ಧ ಉಳಿದ ತಟ್ಟೆಯನ್ನು ನನ್ನ ಮುಂದೆ ತಳ್ಳಿ, "ತಿನ್ನು. ನೀನೇ ತಿನ್ನು ಅದ್ನೂ" ಎಂದಳು. ನಾನು ಹೊರಟ ಬೆಳಿಗ್ಗೆ ಇಬ್ಬರೂ ಬಾಗಿಲಿಗೆ ಬರಲಿಲ್ಲ.

ಬೆಂಗಳೂರಿನ ಸ್ಟುಡಿಯೋದಲ್ಲಿ ಏಸಿ ಇತ್ತು. ಅದಕ್ಕೂ ಸದ್ದಿತ್ತು, ಹತ್ತಿರ ಹೋದರೆ ಕೇಳುತ್ತಿತ್ತು. ಅವನು ಸ್ವಲ್ಪ ದಪ್ಪಗಾಗಿದ್ದ. ಬೂಟು ಹಾಕಿದ್ದ. ಕೆಲಸದವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮೂರ ಕಡೆಯೋರು. ಕೇಬಲ್ ಸುತ್ತೋದ್ರಿಂದ ಎಲ್ಲಾನೂ ಮಾಡ್ತಾರೆ" ಎಂದ. ಅವರಲ್ಲೊಬ್ಬರು ನಮಸ್ಕಾರ ಎಂದರು. ನಾನೂ ನಮಸ್ಕಾರ ಎಂದೆ. ಅವರು ತಲೆ ಒಂದಿಷ್ಟು ವಾಲಿಸಿ, ಎಲ್ಲೋ ಕೇಳಿದ್ದನ್ನು ನೆನಪಿಸಿಕೊಳ್ಳುವವರಂತೆ ನನ್ನ ಮುಖ ನೋಡಿದರು. ಅವರೆಲ್ಲ ಇರುವವರೆಗೂ ನಾನು ಅವತ್ತು ಮತ್ತೆ ಬಾಯಿ ತೆರೆಯಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಅವನು ಹೆಡ್‌ಫೋನನ್ನು ನನ್ನ ಕೈಗಿಟ್ಟು, ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. "ಹಳೇದೆಲ್ಲ ಮನಸ್ನಲ್ಲಿ ಇಟ್ಕಂಡಿಲ್ಲ ತಾನೆ?"

"ಇಟ್ಕಂಡಿದ್ದೀನಿ" ಎಂದೆ.

ಅವನು ನಕ್ಕ. "ಇಟ್ಕೊ. ಬೆಳಿಗ್ಗೆ ಒಂಬತ್ತಕ್ಕೆ ಬಾ. ಲೇಟಾದ್ರೆ ಪ್ರೊಡ್ಯೂಸರ್ ಬೈತಾರೆ."

ಬೇರೆ ಸ್ಟುಡಿಯೋ ಸಿಗುವವರೆಗೂ ಅವನ ಕೈಕೆಳಗೆ ಇದ್ದೆ. ಕೆಲಸ ಕಲಿತೆ. ಟೈಟಲಿನಲ್ಲಿ ಅವನ ಹೆಸರೇ ಬರುತ್ತಿತ್ತು. ಊರಿಗೆ ಫೋನು ಮಾಡಿದಾಗ ಅವ್ವ ಎತ್ತುತ್ತಿದ್ದಳು. ಅಪ್ಪನಿಗೆ ಕೊಡು ಎಂದರೆ ಬಸ್ಸಿಗೆ ಹೋಗಿದ್ದಾನೆ ಎನ್ನುತ್ತಿದ್ದಳು. ಹಿಂದೆ ಅಪ್ಪ ಕೆಮ್ಮುವುದು ನನಗೆ ಕೇಳುತ್ತಿತ್ತು.